ಜರ್ಮನಿಯ ಕಚೇರಿಯಲ್ಲಿ ನಿಮ್ಮ ತಾತನ ಹೆಸರು

ಚೈತ್ರಾ, ಹೇಮಂತಾ, ಕನಕಪುರದಿಂದ ನೀವಿಬ್ಬರೂ ಫೋನಿನಲ್ಲಿ ಕೇಳುವುದು ಎರಡೇ ಪ್ರಶ್ನೆ. ಹಿಮ ಹೇಗಿರುತ್ತದೆ? ವಿಮಾನದಲ್ಲಿ ಏನು ಕೊಟ್ಟರು? ಹಿಮ ತಣ್ಣಗಿರುತ್ತದೆ. ವಿಮಾನದಲ್ಲಿ ಕೊಟ್ಟದ್ದು ಏನೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬೆಳ್ಳಗಿತ್ತು, ತಿಂದೆ. ಕೈ ಒರೆಸಿಕೊಳ್ಳುವ ಬಟ್ಟೆಯನ್ನು ಬೇರೆಯಾಗಿ ಕೊಟ್ಟಿದ್ದರಿಂದ ಅದನ್ನು ತಿನ್ನಲಿಲ್ಲ ಎಂಬ ಧೈರ್ಯವಿದೆ.

ನಾನು ಹೇಳಬೇಕೆಂದಿರುವುದು ಒಂದು ಕಚೇರಿಯ ಕಥೆ. ಫೋನಿನಲ್ಲಿ ಹೇಳಲು ನನ್ನಿಂದಾಗದು. ನಿಮ್ಮ ಅಮ್ಮನ ಮದುವೆಯಲ್ಲಿ ಬೀಗರನ್ನು ಮಾತಾಡಿಸಬೇಕಾಗಿ ಬಂದಾಗ, ಸೌದೆ ತರುತ್ತೇನೆಂದು ಹಿತ್ತಲಿಗೆ ಹೋದವಳು ಊಟದ ಎಲೆ ಎತ್ತುವ ಹೊತ್ತಿಗೆ ಬಂದೆ. ಅಡುಗೆಯೆಲ್ಲ ಗ್ಯಾಸಿನಲ್ಲಿ ನಡೆದಿತ್ತು ಎಂದು ನಿಮ್ಮ ಅಪ್ಪ ಈಗಲೂ ಆಡಿಕೊಳ್ಳುತ್ತಾರೆ. ಬರೆಯುವುದಕ್ಕೆ ಬಾಯಿ ಬೇಕಿಲ್ಲ. ಮಾಗಡಿ ಕಡೆಯ ನಮ್ಮ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಕನ್ನಡ ಇಷ್ಟಕ್ಕೆ ಸಾಕು.

ಚನ್ನಪಟ್ಟಣ

ನಿಮ್ಮ ತಾತ ಇದ್ದಾಗ ಗೊಂಬೆ ಕಡೆಯುವ ಲೇತ್ ಅವರದು, ಉಜ್ಜುವ ಕೆಲಸ ನನ್ನದು. ಅವರು ಹೋದ ಮೇಲೆ ಲೇತಿನ ಮುಂದೆ ನಾನೇ ಕೂತೆ. ಅದಕ್ಕೆ ಎಂಟು ವರ್ಷವಾಯಿತು. ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿದರೆ ಆ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಕೇದಗೆ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಇದು ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದಿರುವುದು ಏನೆಂದರೆ, ಶೆಡ್ಡು ನನ್ನ ಮೈದುನನದು. ಅವನಿಗೆ ಸಿಟ್ಟು ಬಂದ ದಿನ ಮೋಟಾರಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಟೀ ಕುಡಿಯಲು ಹೋಗಿಬಿಡುತ್ತಿದ್ದ. ಅವನಿಗೆ ಸಿಟ್ಟು ಬಾರದ ದಿನ ಕರೆಂಟು ಹೋಗುತ್ತಿತ್ತು.

ಮರದ ಗೊಂಬೆ ಮಾಡುವ ಜರ್ಮನಿಯ ಒಬ್ಬ ಮುದುಕರು ನಮ್ಮೂರಿನ ಗೊಂಬೆ ನೋಡಲು ಬಂದರು. ಅವರ ಊರಿನಲ್ಲಿ ಬಣ್ಣವನ್ನು ಕುಂಚದಲ್ಲಿ ಹಚ್ಚುತ್ತಾರೆ, ಅರಗಿನ ಕೆಲಸ ಬರುವುದಿಲ್ಲ. ಒಂದು ವರ್ಷ ಬಂದು ಕಲಿಸಿ, ಸಂಬಳಕ್ಕೆ ಎಂದರು. ಇಬ್ಬರು ಬೇಕಿತ್ತು. ಲೇತಿಗೆ ನಾನು, ಅರಗಿಗೆ ಬಣ್ಣ ಬೆರೆಸಿ ಕಡ್ಡಿ ಎಳೆಯಲು ನಮ್ಮ ಹಿಂದಿನ ಬೀದಿಯ ನೂರ್ ಜಾನ್. ನೂರ್ ಜಾನಳಿಗೆ ಗಂಡ ಇದ್ದಾನೆ, ಖಲೀಲ್ ಎಂದು. ಅವರ ಮನೆಯಲ್ಲಿ ಮಾತೆಲ್ಲ ಇವಳದು, ಕೆಮ್ಮು ಮಾತ್ರ ಅವನದು.

ಮೈದುನ ಬಾಗಿಲಿಗೆ ಒರಗಿ ನಿಂತು ನಕ್ಕ.

"ಅತ್ಗೆ, ಬಸ್ ಸ್ಟ್ಯಾಂಡಲ್ಲಿ ಮಾಗಡಿ ಬಸ್ ಯಾವ್ದು ಅಂತ ಕೇಳಕ್ಕೂ ನಾಚ್ಕೊಂಡು ಎರಡ್ ಬಸ್ ಬುಟ್ಟೋಳು ನೀನು. ಜರ್ಮನಿನಾ? ಮೂರ್ ತಿಂಗ್ಳಿಗೆ ವಾಪಸ್ ಬತ್ತೀಯ ಬುಡು. ಬರಾದ್ರೊಳಗೆ ಆ ಲೇತ್ ಎತ್ತಾಕಿ ಜೆರಾಕ್ಸ್ ಮಿಷನ್ ಇಕ್ತೀನಿ."

ಮೂರು ತಿಂಗಳು ಎಂದು ಅವನು ಸುಮ್ಮನೆ ಹೇಳಲಿಲ್ಲ. ನಮ್ಮ ವೀಸಾ ಇದ್ದದ್ದು ಅಷ್ಟಕ್ಕೇ. ಅದರೊಳಗೆ ಅಲ್ಲಿನ ಕಚೇರಿಗೆ ಹೋಗಿ, ಇಲ್ಲಿ ವಾಸ ಮಾಡಬಹುದು ಎಂಬ ಕಾರ್ಡಿಗೆ ಅರ್ಜಿ ಕೊಟ್ಟು ಒಪ್ಪಿಸಿಕೊಳ್ಳಬೇಕು. ಒಪ್ಪಿದರೆ ವರ್ಷ ಪೂರ್ತಿ. ಒಪ್ಪದಿದ್ದರೆ ಜೆರಾಕ್ಸ್ ಮಿಷನ್ನು.

ಬೆಟ್ಟದೂರು

ಊರಿನ ಹೆಸರು ಬರೆದರೆ ನೀವು ಓದುವಾಗ ನಾಲಿಗೆ ಕಚ್ಚಿಕೊಳ್ಳುತ್ತೀರಿ. ಬೆಟ್ಟದೂರು ಎಂದುಕೊಳ್ಳಿ. ನಮ್ಮ ರಾಮನಗರದ ಬೆಟ್ಟಗಳಿಗೆ ಮೈತುಂಬ ಬಂಡೆ. ಇಲ್ಲಿಯವಕ್ಕೆ ಮೈತುಂಬ ಮರ, ಒಳ್ಳೆ ಕಂಬಳಿ ಹೊದ್ದಂತೆ. ಪ್ರತಿ ಕಿಟಕಿಯಲ್ಲೂ ಮರದ ಗೊಂಬೆ. ಮನುಷ್ಯರು ಮಾತ್ರ ಕಾಣುವುದಿಲ್ಲ. ಮೊದಲ ವಾರ ಊರಿಗೆ ಊರೇ ಯಾವುದೋ ಸಾವಿಗೆ ಹೋಗಿದೆ ಎಂದುಕೊಂಡಿದ್ದೆವು.

ಭಾನುವಾರ ಕುಟ್ಟಾಣಿಯಲ್ಲಿ ಮೆಣಸು ಕುಟ್ಟುತ್ತಿದ್ದೆ. ಪಕ್ಕದ ಮನೆಯಾಕೆ ಬಂದು ಬಾಗಿಲು ತಟ್ಟಿದಳು. ಘಾಟಿಗೆ ಬಂದಳೆಂದು ಕಿಟಕಿ ಮುಚ್ಚಿದೆ. ಅವಳು ಗೋಡೆಯ ಕ್ಯಾಲೆಂಡರ್ ತೋರಿಸಿದಳು, ಕುಟ್ಟಾಣಿ ತೋರಿಸಿದಳು, ಕಿವಿ ಮುಚ್ಚಿಕೊಂಡಳು. ಭಾನುವಾರ ಇಲ್ಲಿ ಸದ್ದು ಮಾಡುವ ಹಾಗಿಲ್ಲವಂತೆ.

"ಅಕ್ಕಾ, ಇವ್ರನ್ನ ಒಂದ್ ದಿನ ನಮ್ಮ ಬೀದೀಲಿ ಮಲಗಿಸ್ಬೇಕು," ಎಂದಳು ನೂರ್ ಜಾನ್. "ಈ ಕಡೆ ಲೇತು, ಆ ಕಡೆ ಹೈವೇ, ಮ್ಯಾಲೆ ನಮ್ಮತ್ತೆ."

ಆದರೆ ಕೆಲಸದ ಮನೆ! ಕಿಟಕಿ ಪಕ್ಕದಲ್ಲಿ ನನಗೊಂದು ಲೇತ್ ಕೊಟ್ಟರು. ಮುದುಕರು ಸ್ವಿಚ್ಚು ತೋರಿಸಿದರು, ನನ್ನ ಕಡೆ ಬೆರಳು ತೋರಿಸಿದರು. ನಿನ್ನದು ಎಂದರ್ಥ. ನಾನು ಹಾಕಿದರೆ ಹತ್ತುತ್ತದೆ, ನಾನು ಆರಿಸಿದರೆ ಆರುತ್ತದೆ. ಮೊದಲ ದಿನ ಸುಮ್ಮನೆ ಮೂರು ಸಲ ಹಾಕಿ ಆರಿಸಿದೆ. ಇದನ್ನು ಬಿಟ್ಟು ಮೂರು ತಿಂಗಳಿಗೆ ಹೋಗಬಾರದು ಎಂದು ಆವತ್ತೇ ಅಂದುಕೊಂಡೆ.

ಕಚೇರಿ, ಮೊದಲನೆಯ ಸಲ

ಐದನೆಯ ವಾರ ಕಚೇರಿಯಿಂದ ದಿನ ಗೊತ್ತುಮಾಡಿ ಪತ್ರ ಬಂತು. ರೈಲಿನಲ್ಲಿ ದೊಡ್ಡ ಪಟ್ಟಣಕ್ಕೆ ಹೋದೆವು.

ಬಾಗಿಲಲ್ಲಿ ಒಂದು ನಂಬರ್ ಚೀಟಿ ಕೊಟ್ಟು ಕೂರಲು ಹೇಳಿದರು. ನಾವು ಕೂರಲಿಲ್ಲ. ಚನ್ನಪಟ್ಟಣದಲ್ಲಿ ಕಚೇರಿ ಕೆಲಸ ಬಲ್ಲವರು ಯಾರೂ ಕೂರುವುದಿಲ್ಲ. ನಾವು ಕೂತರೆ ಫೈಲೂ ಕೂರುತ್ತದೆ. ಗುಮಾಸ್ತನ ಕಣ್ಣಿಗೆ ಬೀಳುವಂತೆ ಮೇಜಿನ ಹತ್ತಿರ, ಒಸಿ ದೈನ್ಯದಿಂದ ನಿಂತಿರಬೇಕು. ನಾವು ಒಂದು ಬಾಗಿಲ ಬಳಿ ದೈನ್ಯದಿಂದ ನಿಂತೆವು. ಕಾವಲಿನವನು ಕರೆತಂದು ಕೂರಿಸಿದ. ಅವನು ಆಚೆ ತಿರುಗಿದ ಕೂಡಲೇ ಮತ್ತೆ ಹೋಗಿ ನಿಂತೆವು. ಮೂರನೆಯ ಸಲ ಅವನು ನಮ್ಮ ಎದುರಿನ ಕುರ್ಚಿಯಲ್ಲಿ ತಾನೇ ಕೂತುಬಿಟ್ಟ. ಗೋಡೆಯ ಮೇಲಿನ ಪರದೆಯಲ್ಲಿ ನಮ್ಮ ನಂಬರ್ ಬಂದಾಗ ನಮಗಿಂತ ಅವನಿಗೇ ಹೆಚ್ಚು ಖುಷಿಯಾಯಿತು.

ಒಳಗೆ ಗಂಡುಕ್ರಾಪಿನ ಹೆಂಗಸು. ಮೇಜಿನ ಮೇಲೆ ಒಂದು ಕಳ್ಳಿಗಿಡ. ನಮ್ಮಲ್ಲಿ ಹೊಲದ ಬೇಲಿಗೆ ಹಾಕುವುದನ್ನು ಇಲ್ಲಿ ಕುಂಡದಲ್ಲಿ ಸಾಕುತ್ತಾರೆ. ನಮ್ಮಿಬ್ಬರದೂ ಒಂದೇ ಕೆಲಸ, ಒಂದೇ ಲಕೋಟೆಯಲ್ಲಿ ಬಂದ ಕಾಗದ. ಆದ್ದರಿಂದ ಇಬ್ಬರನ್ನೂ ಒಟ್ಟಿಗೆ ಕೂರಿಸಿದಳು. ಆಕೆ ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳುವುದು, ಹೈವೇ ಅಂಗಡಿಯಲ್ಲಿ ಟೂರಿಸ್ಟುಗಳಿಗೆ ಬುಗುರಿ ಮಾರಿ ಇಂಗ್ಲಿಷ್ ಕಲಿತ ನೂರ್ ಜಾನ್ ನನಗೆ ಹೇಳುವುದು.

ಬೆರಳಚ್ಚಿನ ಪೆಟ್ಟಿಗೆ ನನ್ನ ಬೆರಳನ್ನು ಒಪ್ಪಲಿಲ್ಲ. ಬಿಸಿ ಅರಗು ಮುಟ್ಟಿ ಮುಟ್ಟಿ ಗೆರೆ ಸವೆದಿವೆ. ರೇಷನ್ ಅಂಗಡಿಯಲ್ಲೂ ಇದೇ ಗೋಳು. ಅಲ್ಲಿ ಮಾಡುವುದನ್ನೇ ಇಲ್ಲೂ ಮಾಡಿದೆ. ಬೆರಳಿಗೆ ಹಾ ಎಂದು ಉಸಿರು ಬಿಟ್ಟು, ಸೆರಗಿಗೆ ಒರೆಸಿ, ಮತ್ತೆ ಒತ್ತಿದೆ. ನಾಲ್ಕನೆಯ ಸಲ ಹಸಿರು ದೀಪ ಹತ್ತಿತು.

ಆಮೇಲೆ ಅವಳು ನನ್ನ ಕಾಗದ ತಿರುವಿ, "ಗಂಡ, ಖಲೀಲ್?" ಎಂದಳು.

ನಮ್ಮ ಕೆಲಸದ ಮನೆಯಲ್ಲಿ ಕಾಗದ ಜೋಡಿಸಿದವರು ನೂರ್ ಜಾನಳ ಮದುವೆ ಪತ್ರವನ್ನು ನನಗೂ, ನಿಮ್ಮ ತಾತನ ಮರಣ ಪತ್ರವನ್ನು ಅವಳಿಗೂ ಪಿನ್ ಹೊಡೆದಿದ್ದರು. ನಾನು ಗಾಬರಿಯಾಗಿ ಎರಡೂ ಕೈ ಆಡಿಸಿದೆ.

"ಹಾಗಾದರೆ ನಿಮ್ಮ ಗಂಡನ ಹೆಸರೇನು?"

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಮಕ್ಕಳೇ, ನಿಮಗಿದು ತಮಾಷೆ ಎನಿಸಬಹುದು. ನಿಮ್ಮ ಅಮ್ಮ ನಿಮ್ಮ ಅಪ್ಪನನ್ನು ಮಹಡಿಯಿಂದಲೇ ಹೆಸರು ಹಿಡಿದು ಕೂಗುತ್ತಾಳೆ. ನಮ್ಮ ಕಾಲದಲ್ಲಿ ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ನನ್ನ ಕಷ್ಟ ಇನ್ನೂ ದೊಡ್ಡದು, ಯಾಕೆಂದರೆ ನಿಮ್ಮ ತಾತನಿಗಿದ್ದದ್ದು ದೇವರ ಹೆಸರು. ದೇವಸ್ಥಾನದಲ್ಲಿ ಎಲ್ಲರೂ ಹೆಸರು ಹಿಡಿದು ಕೂಗಿ ಕೈ ಮುಗಿದರೆ ನಾನು ಮೂಕಿಯಂತೆ ನಿಲ್ಲುತ್ತಿದ್ದೆ. ಕಾಲು ಎಡವಿದರೂ ಉಳಿದವರಂತೆ ಆ ದೇವರನ್ನು ನೆನೆಯುವ ಹಾಗಿಲ್ಲ, ಅಮ್ಮಾ ಎಂದೇ ನರಳಬೇಕು.

ನೂರ್ ಜಾನ್ ಥಟ್ಟನೆ ಹೆಸರು ಹೇಳಿಬಿಟ್ಟಳು. ಆ ಹೆಂಗಸು ಅಂಗೈ ಅಡ್ಡ ಹಿಡಿದಳು. ಅರ್ಜಿ ಹಾಕಿದವರೇ ಹೇಳಬೇಕು, ಬೇರೆಯವರು ಹೇಳಿಕೊಡಬಾರದು. ನಾನು ಪೆನ್ನು ಕೇಳಿ ಬರೆದೆ, ಕನ್ನಡದಲ್ಲಿ. ಅವಳು ಕಾಗದವನ್ನು ಒಂದು ಸಲ ನೆಟ್ಟಗೆ, ಒಂದು ಸಲ ತಲೆಕೆಳಗೆ ಹಿಡಿದು ನೋಡಿದಳು. ಪಾಸ್‌ಪೋರ್ಟಿನಲ್ಲಾದರೂ ಇರಬಹುದೆಂದು ತೆಗೆದಳು. ಅಲ್ಲಿ ಇದ್ದದ್ದು ನನ್ನ ಅಪ್ಪ ಅಮ್ಮನ ಹೆಸರು. ಮತ್ತೆ ನನ್ನ ಮುಖ ನೋಡಿದಳು. ಹೆಸರೊಂದನ್ನು ಹೇಳಲಾಗದೆ ಬಾಯಿ ಮುಚ್ಚಿಕೊಂಡಿರುವ ಹೆಂಗಸು, ಯಾರದೋ ಗಂಡನ ಕಾಗದ ಹಿಡಿದು ಬಂದಿದ್ದಾಳೆ. ಅವಳ ಜಾಗದಲ್ಲಿದ್ದರೆ ನಾನೂ ಅನುಮಾನ ಪಡುತ್ತಿದ್ದೆ.

ಖಲೀಲ್ ಎಂದು ತಾನೇ ಹೇಳಿದ ನೂರ್ ಜಾನಳ ಅರ್ಜಿ ಒಪ್ಪಿಗೆಯಾಯಿತು. ನನ್ನದಕ್ಕೆ ಏನೋ ಟಿಪ್ಪಣಿ ಬರೆದು ಬೇರೆ ದಿನ ಕೊಟ್ಟಳು. ಕನ್ನಡ ಬಲ್ಲವರನ್ನು ಕಚೇರಿಯೇ ಕರೆಸುತ್ತದಂತೆ. ಆ ದಿನ ನೋಡಿದರೆ ವೀಸಾ ಮುಗಿಯಲು ಆರೇ ದಿನ ಉಳಿದಿರುತ್ತಿತ್ತು.

ರೈಲಿನಲ್ಲಿ ನೂರ್ ಜಾನ್ ತನ್ನ ಕಾಗದಗಳನ್ನು ಮಡಚಿ ಚೀಲಕ್ಕೆ ತುರುಕಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು.

"ಅರ್ಧ ಗಂಟೆ ಆ ಖಲೀಲ್ ನಿಮ್ ಪಾಲಿಗ್ ಬಂದಿದ್ದ ಅಕ್ಕಾ. ನಾನ್ ಎಷ್ಟ್ ಆರಾಮಾಗಿದ್ದೆ ಗೊತ್ತಾ?"

ಮತ್ತೆ ಬೆಟ್ಟದೂರು

ಆರೇಳು ವಾರ ಅವಳು ನನ್ನನ್ನು ಬಿಡಲಿಲ್ಲ.

"ಆಯಸ್ಸು ಕಮ್ಮಿ ಆಗ್ತದೆ ಅಂತೀರಲ್ಲ, ಅಣ್ಣ ಹೋಗಿ ಎಂಟ್ ವರ್ಷ ಆಯ್ತು. ಇನ್ ಎಷ್ಟ್ ಕಮ್ಮಿ ಆಗ್ತದೆ?"

"ಅದಕ್ಕಲ್ಲ ಕಣೇ."

"ಮತ್ ಯಾಕೆ? ನಾನ್ ಹೇಳಿಲ್ವಾ? ಮನೇಲಿ ನಾನೂ ಸಲೀಮನ ಅಬ್ಬಾ ಅಂತೀನಿ. ಆಫೀಸಲ್ಲಿ ಖಲೀಲ್ ಅಂದೆ. ಭೂಮಿ ಬಿರೀತಾ?"

ಯಾಕೆಂದು ನನಗೂ ಗೊತ್ತಿರಲಿಲ್ಲ. ಯಾರೂ ಇಲ್ಲದಾಗ ಲೇತ್ ಹಾಕಿ ಆ ಸದ್ದಿನಲ್ಲಿ ಹೇಳಿ ನೋಡಿದೆ. ಬಾಯಿ ತೆರೆಯಿತು, ಹೆಸರು ಬರಲಿಲ್ಲ. ಸಂಸಾರದ ಇಪ್ಪತ್ತೆಂಟು ವರ್ಷವೂ ಗಂಟಲಲ್ಲೇ ತಡೆದದ್ದು ಅಲ್ಲೇ ಬೇರು ಬಿಟ್ಟಿತ್ತು. ಮೊದಲಕ್ಷರ ತುಟಿಗೆ ಬಂದರೆ ಅತ್ತೆ ಹಿಂದಿನಿಂದ ತಲೆಗೆ ಮೊಟಕಿದಂತಾಗುತ್ತಿತ್ತು. ಅತ್ತೆಯೂ ಈಗಿಲ್ಲ. ಕೈ ಮಾತ್ರ ಇನ್ನೂ ಗಟ್ಟಿಯಾಗಿತ್ತು.

ಅಷ್ಟರಲ್ಲಿ ನಾನು ಮೂರು ಜನರಿಗೆ ಅರಗು ಹತ್ತಿಸಲು ಕಲಿಸಿದ್ದೆ. ಮುದುಕರು ದಿನಾ ಬಂದು ನನ್ನ ಕೈ ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ನನ್ನ ಕಾಗದ ಓದಿ, ಕ್ಯಾಲೆಂಡರಿನಲ್ಲಿ ವೀಸಾ ಮುಗಿಯುವ ದಿನದ ಮೇಲೆ ಬೆರಳಿಟ್ಟು ತಲೆ ತಗ್ಗಿಸಿದರು. ಊರಿಗೆ ಫೋನು ಮಾಡಿದರೆ, ನನ್ನ ಮೈದುನ ಜೆರಾಕ್ಸ್ ಮಿಷನ್ನಿಗೆ ಮುಂಗಡ ಕೊಟ್ಟಿದ್ದಾನಂತೆ ಎಂದಳು ನಿಮ್ಮ ಅಮ್ಮ.

ಕಚೇರಿ, ಎರಡನೆಯ ಸಲ

ಕನ್ನಡ ಬಲ್ಲವರೆಂದು ಕಚೇರಿಯವರು ಕರೆಸಿದ್ದು ಮಂಗಳೂರಿನ ಒಬ್ಬ ಸಿಸ್ಟರನ್ನು. ಬಿಳಿ ತಲೆವಸ್ತ್ರ ತೊಟ್ಟ ಕ್ರೈಸ್ತ ಸನ್ಯಾಸಿನಿ. ಮೂವತ್ತು ವರ್ಷದಿಂದ ಇಲ್ಲಿನ ಆಸ್ಪತ್ರೆಯಲ್ಲಿದ್ದಾರೆ. ನೂರ್ ಜಾನಳಿಗೆ ಒಳಗೆ ಕೆಲಸವಿರಲಿಲ್ಲ. ಆದರೂ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಮಾತಾಡುವುದಿಲ್ಲ ಎಂದು ಆಣೆ ಮಾಡಿಸಿ ಕೂರಿಸಿದರು.

ಸಿಸ್ಟರ್ ಮೊದಲು ಆ ಟಿಪ್ಪಣಿ ಓದಿ ಹೇಳಿದರು. ಅರ್ಜಿದಾರರಿಗೆ ತನ್ನ ಗಂಡ ಯಾರೆಂದು ಹೇಳಲು ಸಾಧ್ಯವಾಗಲಿಲ್ಲ, ಎಂದು ಬರೆದಿತ್ತು. ಓದಿ ಮುಗಿಸಿ ನನ್ನನ್ನು ನೋಡಿದರು.

"ನೋಡಿ ಅಮ್ಮ, ಅವರಿಗೆ ಒಂದು ಹೆಸರು ಬೇಕು, ಅಷ್ಟೇ. ಹೇಳಿಬಿಡಿ. ಆಮೇಲೆ ನಾವು ಕಾಫಿ ಕುಡಿಯುವ."

"ಆಗಾಕಿಲ್ಲ ಸಿಸ್ಟರ್."

"ಎಂಥದ್ದು ಆಗುವುದಿಲ್ಲ? ಮರೆತು ಹೋಗಿದೆಯಾ?"

"ಮರೀತೀನಾ? ಗಂಡನ ಹೆಸ್ರು ಬಾಯಲ್ಲಿ ಹೇಳ್ಬಾರ್ದು."

"ಅವರು ತೀರಿಕೊಂಡಿದ್ದಾರಲ್ಲ ಮಾರಾಯ್ರೆ?"

"ತೀರ್ಕೊಂಡ್ರೆ ಗಂಡ ಅಲ್ಲ ಅಂತಾಯ್ತದಾ?"

ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು. "ನಾನು ನನ್ನ ಯಜಮಾನರ ಹೆಸರನ್ನು ದಿನಕ್ಕೆ ನೂರು ಸಲ ಹೇಳುತ್ತೇನೆ," ಎಂದು ಎದೆಯ ಮೇಲಿನ ಶಿಲುಬೆ ಮುಟ್ಟಿಕೊಂಡರು. "ಅವರಿಗೆ ಏನೂ ತೊಂದರೆ ಆಗಿಲ್ಲ." ಆದದ್ದನ್ನೆಲ್ಲ ನಾನು ಬೆಟ್ಟದೂರಿನ ಚರ್ಚಿನ ಗೋಡೆಯ ಮೇಲೆ ನೋಡಿದ್ದೆ.

ಅವರು ಆ ಹೆಂಗಸಿಗೆ ವಿವರಿಸಿದರು. ನನ್ನ ಎರಡು ಮಾತಿಗೆ ಅವರದು ಇಪ್ಪತ್ತು. ಆಕೆ ಮುಂದಕ್ಕೆ ಬಾಗಿ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದಳು. ಇಪ್ಪತ್ತೆಂಟು ವರ್ಷ ಜೊತೆಗಿದ್ದು, ಕರೆಯಬೇಕಾದಾಗ ಏನೆಂದು ಕರೆಯುತ್ತಿದ್ದಿರಿ?

"ಏನೂಂದ್ರೆ, ಅಂತಿದ್ದೆ."

ಆಕೆಯ ಮುಖ ಅರಳಿತು. ತಕ್ಷಣ ಪೆನ್ನು ತೆಗೆದು ಅದನ್ನೇ ಬರೆದುಕೊಳ್ಳಲು ಹೊರಟಳು. ಸಿಸ್ಟರ್ ಕೈ ಹಿಡಿದು ತಡೆಯದಿದ್ದರೆ ಜರ್ಮನ್ ಸರ್ಕಾರದ ಪುಸ್ತಕದಲ್ಲಿ ನಿಮ್ಮ ತಾತ ಶಾಶ್ವತವಾಗಿ ಏನೂಂದ್ರೆ ಆಗಿಬಿಡುತ್ತಿದ್ದರು.

ಆಕೆ ಗಡಿಯಾರ ನೋಡಿದಳು. ಇನ್ನು ಹತ್ತು ನಿಮಿಷ, ಹೇಳದಿದ್ದರೆ ಫೈಲು ಮುಚ್ಚಬೇಕಾಗುತ್ತದೆ ಎಂದರು ಸಿಸ್ಟರ್. ನನ್ನ ಕೈ ಬೆವೆತಿತ್ತು. ಬೆರಳಚ್ಚಿನ ಪೆಟ್ಟಿಗೆ ಆವಾಗ ಕೇಳಿದ್ದರೆ ಒಂದೇ ಸಲಕ್ಕೆ ಒಪ್ಪುತ್ತಿತ್ತೇನೋ.

ನೂರ್ ಜಾನಳ ಆಣೆ ಮುರಿಯಿತು.

"ಅಕ್ಕಾ! ಸುಮ್ನೆ ಹೇಳ್ಬೇಡಿ. ಮದ್ವೆ ಮನೇಲಿ ಬಾಗ್ಲಲ್ಲಿ ಹೇಳಿಸ್ತಾರಲ್ಲಾ, ಪದ ಕಟ್ಟಿ! ಹಂಗ್ ಹೇಳಿ!"

ಅದು ನನಗೆ ಹೊಳೆದೇ ಇರಲಿಲ್ಲ. ಗಂಡನ ಹೆಸರು ಹೇಳಬಾರದೆಂದು ಬಾಯಿಗೆ ಬೀಗ ಹಾಕಿದ ಹಿರಿಯರೇ ಅದಕ್ಕೊಂದು ಕಳ್ಳಕೀಲಿಯನ್ನೂ ಇಟ್ಟಿದ್ದಾರೆ. ಪದ ಕಟ್ಟಿ, ಪ್ರಾಸದ ನಡುವೆ ಹೆಸರು ಸೇರಿಸಿ ಹೇಳಿದರೆ ದೋಷವಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ಕೈ ಹಿಡಿದು, ಹೇಳಿದರೆ ಒಳಗೆ, ಇಲ್ಲದಿದ್ದರೆ ಅಲ್ಲೇ ನಿಲ್ಲು ಎನ್ನುತ್ತಾರೆ. ನನಗೂ ಒಂದು ಪದ ಕಂಠಪಾಠವಿತ್ತು. ಹೇಳಲು ಎದ್ದು ನಿಂತೆ. ಮೊದಲ ಸಾಲು ಮನಸ್ಸಿಗೆ ಬಂದ ಕೂಡಲೇ ನಿಲ್ಲಿಸಿದೆ. ಅದರ ಕೊನೆ, ಇವರ ಜೊತೆ ನೂರು ವರ್ಷ ಬಾಳ್ತೀನಿ ಎಂದಿದೆ. ಮೇಜಿನ ಮೇಲೆ ಅವರ ಮರಣ ಪತ್ರ ಇಟ್ಟುಕೊಂಡು, ಅದೂ ಸರ್ಕಾರಿ ಕಚೇರಿಯಲ್ಲಿ, ಅಂಥ ಸುಳ್ಳು ಹೇಳುವುದು ಹೇಗೆ?

ಬೇರೆ ಕಟ್ಟಬೇಕಾಯಿತು. ಮೂವರೂ ನನ್ನನ್ನೇ ನೋಡುತ್ತಿದ್ದರು. ನಾನು ಆ ಕಳ್ಳಿಗಿಡವನ್ನು ನೋಡುತ್ತ, ತಲೆಯ ಮೇಲೆ ಸೆರಗು ಎಳೆದುಕೊಂಡು ಹೇಳಿದೆ.

"ಕೆಂಪರಗು ಹಚ್ಚಿ ಕೇದಗೇಲಿ ಉಜ್ಜಿದ್ರೆ ಹೊಳಪು,
ಶಿವಲಿಂಗಯ್ನೋರ ಹೆಸ್ರು ಹೇಳಕ್ಕೆ ನಂಗ್ಯಾಕೆ ಅಳುಕು?"

ನೂರ್ ಜಾನ್ ಚಪ್ಪಾಳೆ ತಟ್ಟಿ, "ವಾರೆವ್ಹಾ!" ಎಂದು ಕೂಗಿದಳು. ಭಾನುವಾರವಾಗಿದ್ದರೆ ಪೊಲೀಸರು ಬರುತ್ತಿದ್ದರು. ಸಿಸ್ಟರ್ ಅನುವಾದಕ್ಕೆ ಕೂತರು. ಕೇದಗೆಗೆ ಜರ್ಮನ್ ಭಾಷೆಯಲ್ಲಿ ಏನನ್ನುತ್ತಾರೆಂದು ತಿಳಿಯದೆ ಕೈಯಿಂದಲೇ ಉಜ್ಜಿ ಉಜ್ಜಿ ತೋರಿಸಿದರು. ಆ ಹೆಂಗಸು ನಗಲಿಲ್ಲ. ಮರಣ ಪತ್ರದ ಹೆಸರಿನ ಮೇಲೆ ಬೆರಳಿಟ್ಟುಕೊಂಡು, ಇನ್ನೊಂದು ಸಲ, ನಿಧಾನಕ್ಕೆ, ಎಂದಳು. ಹೇಳಿದೆ. ಅಕ್ಷರ ಅಕ್ಷರವಾಗಿ ನೋಡಿಕೊಂಡಳು. ಆಮೇಲೆ ಮತ್ತೇನೋ ಕೇಳಿದಳು.

"ಎಂಥ ಮನುಷ್ಯ ಅಂತ ಕೇಳ್ತಾ ಇದ್ದಾರೆ, ನಿಮ್ಮ ಯಜಮಾನರು. ಇದು ಫಾರಂಗೆ ಅಲ್ಲವಂತೆ, ಸುಮ್ಮನೆ," ಎಂದರು ಸಿಸ್ಟರ್.

"ಬುಗುರಿ ಚೆನ್ನಾಗ್ ಮಾಡೋರು," ಎಂದೆ.

ನಾಚಿಕೆಯಿಂದ ಇಷ್ಟು ವರ್ಷ ಹೆಸರು ಹೇಳಲಿಲ್ಲ ಎಂದುಕೊಂಡಿದ್ದೆ ಮಕ್ಕಳೇ. ಅಲ್ಲಿ ನಿಂತಾಗ ಬೇರೆ ಗೊತ್ತಾಯಿತು. ನಿಮ್ಮ ತಾತ ಹೋದ ಮೇಲೆ ಎಷ್ಟೋ ಮದುವೆಗೆ ಹೋಗಿದ್ದೇನೆ. ಬಾಗಿಲಲ್ಲಿ ನನ್ನ ಮುಂದಿನವಳನ್ನು ತಡೆಯುತ್ತಾರೆ, ಹಿಂದಿನವಳನ್ನು ತಡೆಯುತ್ತಾರೆ. ನಾನು ಬಂದರೆ ಕೈ ತೆಗೆದು ದಾರಿ ಬಿಡುತ್ತಾರೆ.

ಆಕೆ ಮುದ್ರೆ ಒತ್ತಿದಳು. ಕಾರ್ಡು ಬರುವವರೆಗೆ ಇಟ್ಟುಕೊಳ್ಳಿ ಎಂದು ಒಂದು ಹಾಳೆ ಕೊಟ್ಟಳು. ಹೊರಗೆ ಬಂದು ಸಿಸ್ಟರ್ ಕಾಫಿ ಕುಡಿಸಿದರು. ಇಲ್ಲಿಯ ಕಾಫಿ ಒಂದು ಬಕೆಟ್ಟು ಕೊಡುತ್ತಾರೆ, ಕಷಾಯದ ಹಾಗಿರುತ್ತದೆ. ಅವತ್ತು ಪೂರ್ತಿ ಕುಡಿದೆ.

ಕಾರ್ಡು

ನಾಲ್ಕು ವಾರದ ಮೇಲೆ ಹೋಗಿ ಕಾರ್ಡು ತಂದೆವು. ಬಸ್ ಸ್ಟಾಪಿನಲ್ಲಿ ಕೂತು ನೋಡಿದೆ. ಮುಂದೆ ನನ್ನ ಫೋಟೋ, ಕಳ್ಳಿಯ ಮುಖ. ಹಲ್ಲು ತೋರಿಸಬಾರದು ಎಂದು ನಿಯಮವಂತೆ. ನಾನು ಹುಟ್ಟಿದಾಗಿನಿಂದ ಪಾಲಿಸುತ್ತಿರುವ ನಿಯಮ. ಕೆಳಗೆ ನನ್ನ ಹೆಸರು. ತಿರುಗಿಸಿದರೆ ಹಿಂದೆ, ಕಣ್ಣಿನ ಬಣ್ಣ ಕಂದು, ಎತ್ತರ ನೂರ ನಲವತ್ತೊಂಬತ್ತು ಸೆಂಟಿಮೀಟರ್. ಮತ್ತೆ ಮುಂದೆ ನೋಡಿದೆ, ಮತ್ತೆ ಹಿಂದೆ.

ನೂರ್ ಜಾನ್ ಕಸಿದುಕೊಂಡು ಬಿಸಿಲಿಗೆ ಹಿಡಿದು ಹುಡುಕಿದಳು.

"ಯಾ ಅಲ್ಲಾ! ಅಷ್ಟ್ ಗಲಾಟೆ ಮಾಡಿದ್ರಲ್ಲಾ, ಇದ್ರಲ್ಲಿ ಅಣ್ಣನ ಹೆಸರೇ ಇಲ್ಲ ಅಕ್ಕಾ!"

"ಇಲ್ವಾ?"

"ಎಲ್ಲೂ ಇಲ್ಲ. ನಿಮ್ ಕಣ್ಣಿನ್ ಬಣ್ಣ ಐತೆ, ಅಣ್ಣ ಇಲ್ಲ."

ನಗು ಬಂತು. ಇಬ್ಬರೂ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಕಣ್ಣು ಒರೆಸಿಕೊಂಡು ಮಿಷನ್ನಿನಲ್ಲಿ ಟಿಕೆಟ್ ತೆಗೆಯಲು ಎದ್ದಳು. ನಾನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇಲ್ಲಿ ಬರೆಯದಿದ್ದರೇನು ಎಂದುಕೊಂಡೆ.

"ಶಿವಲಿಂಗಯ್ಯ," ಎಂದೆ. ಪದವಿಲ್ಲ, ಪ್ರಾಸವಿಲ್ಲ. ಸ್ವಲ್ಪ ಜೋರಾಗಿಯೇ ಬಂತು.

ಸ್ಟಾಪಿನ ಆ ತುದಿಯಲ್ಲಿ ಕೂತಿದ್ದ ಮುದುಕಿ, ನಾನು ಯಾರನ್ನೋ ಕರೆದೆನೆಂದುಕೊಂಡು, ಯಾರು ಬಂದರೆಂದು ರಸ್ತೆಯ ಕಡೆ ತಿರುಗಿ ನೋಡಿದಳು.

ನಾನೂ ನೋಡಿದೆ.